ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು: ಕೇಮನ್ ಎಸ್, ಝಡ್4, ಮಸ್ಟಾಂಗ್ – ಟೋಕನ್ ಕೊಡುವ ಮುನ್ನ ಏನೇನು ನೋಡಬೇಕು?

ಬಾಣೇರ್_ಬಾನೆಟ್ (ಪುಣೆ)

ಎಲ್ಲರಿಗೂ ನಮಸ್ಕಾರ. ನೋಂದಣಿ, ವಿಮೆ ಎಲ್ಲ ಸೇರಿ 45 ಲಕ್ಷದೊಳಗೆ ಒಂದು ಸ್ಪೋರ್ಟ್ಸ್ ಕಾರು ಕೊಳ್ಳುವ ಯೋಚನೆಯಿದೆ. ಮೂರು ಕಾರು ಪಟ್ಟಿಯಲ್ಲಿವೆ:

– 2007ರ ಪೋರ್ಷೆ ಕೇಮನ್ ಎಸ್, ಟಿಪ್‌ಟ್ರಾನಿಕ್ (ಪೋರ್ಷೆಯ ಆಟೊ ಗೇರ್), ಮುಂಬೈ ನೋಂದಣಿ, ಮೀಟರ್‌ನಲ್ಲಿ 29,000 ಕಿ.ಮೀ.
– 2012ರ ಬಿಎಂಡಬ್ಲ್ಯು ಝಡ್4 35ಐ, ಗೋವಾ ನೋಂದಣಿ, 41,000 ಕಿ.ಮೀ.
– 2017ರ ಫೋರ್ಡ್ ಮಸ್ಟಾಂಗ್ ಜಿಟಿ, ದೆಹಲಿ ನೋಂದಣಿ, ಈಗ ಅಂಧೇರಿಯ ಡೀಲರ್ ಬಳಿ, 18,000 ಕಿ.ಮೀ.

ಮಸ್ಟಾಂಗ್ ಹೊಸದು, ಕಡಿಮೆ ಓಡಿದೆ, ಹಾಗಾಗಿ ಅದೇ ಸುರಕ್ಷಿತ ಅನಿಸುತ್ತದೆ. ಸರಿಯೇ? ಯಾವ ತಪಾಸಣೆ, ಯಾವ ಕ್ರಮದಲ್ಲಿ ಮಾಡಿಸಬೇಕು?

ಕಾಗದ_ಮೊದಲು (ಥಾಣೆ)

ಎಂಜಿನ್ ಆಮೇಲೆ, ಮೊದಲು ಕಾಗದ. ಕಾಗದದಲ್ಲೇ ಬಿದ್ದುಹೋಗುವ ಕಾರಿಗೆ ಲಿಫ್ಟ್, ಸ್ಕ್ಯಾನ್ ಅಂತ ದುಡ್ಡು ಸುರಿಯಬೇಡಿ.

ಆರ್‌ಸಿಯಲ್ಲಿ ಮಾಲೀಕರ ಕ್ರಮಸಂಖ್ಯೆ, ಸಾಲದ ಕಾಲಂ, ಬಣ್ಣ, ಚಾಸಿ ಸಂಖ್ಯೆ, ನೋಂದಣಿ ಮುಗಿಯುವ ದಿನ ಇವಿಷ್ಟನ್ನು ನೋಡಿ. ಚಾಸಿ ಸಂಖ್ಯೆಗೆ 17 ಅಕ್ಷರ. ಗಾಜಿನ ಬುಡದಲ್ಲಿ ಒಂದು ಕಡೆ, ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಒಂದು ಕಡೆ, ಬಾಡಿಯ ಲೋಹದಲ್ಲಿ ಕೊರೆದದ್ದು ಒಂದು ಕಡೆ ಸಿಗುತ್ತದೆ. ಮೂರೂ ಆರ್‌ಸಿಗೆ ಹೊಂದಬೇಕು. ಸಾಲದ ಕಾಲಂನಲ್ಲಿ ಬ್ಯಾಂಕಿನ ಹೆಸರಿದ್ದರೆ "ಸಾಲ ತೀರಿದೆ" ಎಂಬ ಬಾಯಿಮಾತು ಸಾಲದು; ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಬ್ಯಾಂಕ್ ಸಹಿ ಮಾಡಿದ ಫಾರ್ಮ್ 35 ಕೈಗೆ ಬರಬೇಕು. ಬಣ್ಣ ಯಾಕೆಂದರೆ, ಈ ಜಾತಿಯ ಕಾರುಗಳಿಗೆ ರ್‍ಯಾಪ್ (ಬಣ್ಣದ ಫಿಲ್ಮ್) ಹಾಕುವ ಚಾಳಿ ಹೆಚ್ಚು. ಆರ್‌ಸಿಯಲ್ಲಿ ಬಿಳಿ, ರಸ್ತೆಯಲ್ಲಿ ನೀಲಿ ಎಂದಾದರೆ ವರ್ಗಾವಣೆ ವೇಳೆ ತಕರಾರು ಖಚಿತ.

ಈಗ ನಿಮ್ಮ ಮೂರು ಕಾರು.

ಕೇಮನ್‌ಗೆ 2022ರಲ್ಲೇ 15 ವರ್ಷ ತುಂಬಿದೆ. ಫಾರ್ಮ್ 25ರಲ್ಲಿ ನವೀಕರಣವಾಗಿರಬೇಕು, ಹಸಿರು ತೆರಿಗೆ ಕಟ್ಟಿರಬೇಕು. ನವೀಕರಣ ಐದು ವರ್ಷಕ್ಕೆ ಮಾತ್ರ, ಅಂದರೆ 2027ರಲ್ಲಿ ಮತ್ತೆ. ವಿದೇಶದಿಂದ ಆಮದಾದ ಕಾರಿಗೆ ಈ ಶುಲ್ಕ 2022ರ ಏಪ್ರಿಲ್‌ನಿಂದ 40,000 ರೂ. ಇತ್ತು, 20 ವರ್ಷ ದಾಟಿದ ಆಮದು ಕಾರಿಗೆ 2025ರ ತಿದ್ದುಪಡಿಯಲ್ಲಿ 80,000 ರೂ. ಮಾಡಿದ್ದಾರೆ. ಬೆಲೆ ಮಾತಾಡುವಾಗ ಇದನ್ನು ಕಳೆಯಿರಿ.

ಗೋವಾ, ದೆಹಲಿ ಕಾರುಗಳಿಗೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ಫಾರ್ಮ್ 28), ಮಾರುವವರ ಫಾರ್ಮ್ 29, ನಿಮ್ಮ ಫಾರ್ಮ್ 30, ಇಲ್ಲಿ ಹೊಸ ಸಂಖ್ಯೆಗೆ ಫಾರ್ಮ್ 27 ಬೇಕು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 47ರ ಪ್ರಕಾರ ಬೇರೆ ರಾಜ್ಯದ ಸಂಖ್ಯೆಯಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವಂತಿಲ್ಲ. ದೊಡ್ಡ ಹೊಡೆತ ತೆರಿಗೆಯದು. ಮಹಾರಾಷ್ಟ್ರದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ವ್ಯಕ್ತಿಯ ಹೆಸರಿನಲ್ಲಿ 13%, ಆಮದು ಕಾರಿಗೆ ಮತ್ತು ಕಂಪನಿ ಹೆಸರಿನ ಕಾರಿಗೆ 20%. ವಯಸ್ಸಿಗೆ ತಕ್ಕ ಕಡಿತ ಸಿಗುತ್ತದೆ, ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯಿಂದ ಅಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ಮೂಲ ಇನ್‌ವಾಯ್ಸ್ ಹಿಡಿದುಕೊಂಡು ನಿಮ್ಮ ಆರ್‌ಟಿಒದಲ್ಲಿ ಅಂಕಿ ಹಾಕಿಸಿಕೊಂಡ ಮೇಲೆ ಟೋಕನ್ ಮಾತು. ಹಳೆಯ ರಾಜ್ಯದಿಂದ ವಾಪಸ್ ಬರುವ ತೆರಿಗೆ ಯಾರಿಗೆ ಸೇರಬೇಕು ಎಂಬುದನ್ನೂ ಒಪ್ಪಂದದಲ್ಲೇ ಬರೆಸಿ.

ಇನ್ನೊಂದು ಮುಖ್ಯ ಕಾಗದ ಹಿಂದಿನ ವರ್ಷಗಳ ವಿಮಾ ಪಾಲಿಸಿ. ಅದರಲ್ಲಿ ನೋ ಕ್ಲೇಮ್ ಬೋನಸ್ ಶೇಕಡಾವಾರು ನೋಡಿ: 20, 25, 35, 45, 50 ಹೀಗೆ ಏರುತ್ತದೆ. ಒಂದೇ ಮಾಲೀಕರ ಕಾರಿನಲ್ಲಿ 45 ಇದ್ದದ್ದು ಮರುವರ್ಷ ಸೊನ್ನೆಯಾಗಿದ್ದರೆ ನಡುವೆ ಒಂದು ಕ್ಲೇಮ್ ಆಗಿರುವ ಸಾಧ್ಯತೆ ಹೆಚ್ಚು. "ಸಣ್ಣ ಗೀರೂ ಆಗಿಲ್ಲ" ಎನ್ನುವವರ ಮುಂದೆ ಆ ಎರಡು ಪಾಲಿಸಿ ಇಟ್ಟು ಕೇಳಿ.

ಸ್ಪ್ಯಾನರ್_13 (ಮಾಟುಂಗಾ)

ಮೂರೂ ಕಾರಿಗೂ ಒಂದು ನಿಯಮ: ಎಂಜಿನ್ ತಣ್ಣಗಿರಬೇಕು. "ನೀವು ಬರುವಷ್ಟರಲ್ಲಿ ಸ್ಟಾರ್ಟ್ ಮಾಡಿ ಇಟ್ಟಿರ್ತೇವೆ" ಅಂದರೆ ಬೇಡ ಅನ್ನಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ (ಕೇಮನ್‌ನ ಎಂಜಿನ್ ಸೀಟಿನ ಹಿಂದಿದೆ, ಅಲ್ಲಿ ಸೈಲೆನ್ಸರ್ ಮುಟ್ಟಿ). ಬಿಸಿಯಿದ್ದರೆ ಇನ್ನೊಂದು ದಿನ ಬನ್ನಿ. ಚೈನ್ ಸದ್ದು, ಹೊಗೆ, ದೀರ್ಘ ಕ್ರ್ಯಾಂಕಿಂಗ್ ಹೆಚ್ಚಾಗಿ ಕಾಣುವುದು ಮೊದಲ ಅರ್ಧ ನಿಮಿಷದಲ್ಲಿ.

ಕೇಮನ್ ಎಸ್, 2007. ಎಂಜಿನ್ 3.4 ಲೀಟರ್, ಎಂ97 ಕುಟುಂಬ. ಎರಡು ತೊಂದರೆ ತಿಳಿದಿರಲೇಬೇಕು.

ಒಂದು, ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್. ಕ್ಯಾಮ್‌ಶಾಫ್ಟ್‌ಗಳಿಗೆ ಚಲನೆ ದಾಟಿಸುವ ಶಾಫ್ಟ್ ಇದರ ಮೇಲೆ ಕೂತಿದೆ. ಬೇರಿಂಗ್ ಒಡೆದರೆ ಟೈಮಿಂಗ್ ತಪ್ಪಿ ವಾಲ್ವ್, ಪಿಸ್ಟನ್ ಎಲ್ಲ ಹೋಗುತ್ತದೆ. 2006ರಿಂದ ಹಾಕಿದ ದೊಡ್ಡ ಬೇರಿಂಗ್ ಹಿಂದಿನದಕ್ಕಿಂತ ಗಟ್ಟಿ, ಆದರೆ ಎಂಜಿನ್ ಕೇಸ್ ಬಿಚ್ಚದೆ ಅದನ್ನು ಬದಲಿಸಲಾಗದು. ಹಾಗಾಗಿ ಪರೀಕ್ಷೆಯೇ ದಾರಿ: ಆಯಿಲ್ ಫಿಲ್ಟರ್ ತೆಗೆದು ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಲ್ಲಿ ಹಿಡಿಯಿರಿ. ಹೊಳೆಯುವ ಚೂರು ಕಂಡರೆ ಆಯಸ್ಕಾಂತ ತಾಗಿಸಿ. ಅಂಟಿದರೆ ಉಕ್ಕು, ಬೇರಿಂಗ್ ಅಥವಾ ಚೈನ್ ಭಾಗದ್ದು. ಅಲ್ಲಿಗೆ ಆ ಕಾರಿನ ಮಾತು ಮುಗಿಯಿತು.

ಎರಡು, ಸಿಲಿಂಡರ್ ಗೋಡೆಯಲ್ಲಿ ಗೀರು. ಪಿಸ್ಟನ್ ಮೇಲಿನ ಲೇಪ ಸವೆದು ಗೋಡೆಗೆ ಉಜ್ಜುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಟಕಟಕ ಸದ್ದು, ಆಯಿಲ್ ಬೇಗ ಇಳಿಯುವುದು, ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದೋ ಎರಡೋ ಮಾತ್ರ ಎಣ್ಣೆಯಲ್ಲಿ ನೆಂದಿರುವುದು ಇದರ ಲಕ್ಷಣ. ಪೋರ್ಷೆ 911ರಲ್ಲಿ ಎಡ–ಬಲ ಹೊಗೆ ಕೊಳವೆಗಳ ಮಸಿ ಹೋಲಿಸುವ ಉಪಾಯವಿದೆ. ಕೇಮನ್‌ನಲ್ಲಿ ಕೊಳವೆ ನಡುವಿನಲ್ಲೇ ಹೊರಬರುವುದರಿಂದ ಅದು ನಡೆಯದು. ಪ್ಲಗ್ ತೆಗೆದು, ಪಿಸ್ಟನ್ ಪೂರ್ತಿ ಕೆಳಗಿಳಿಸಿ, ಬೋರ್‌ಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆ) ಬಿಟ್ಟು ಆರೂ ಸಿಲಿಂಡರ್ ನೋಡಿಸಿ. ಸಂಪ್ (ಎಂಜಿನ್ ತಳದ ಆಯಿಲ್ ತಟ್ಟೆ) ಇಳಿಸಿ ಕೆಳಗಿಂದ ನೋಡಿದರೆ ಇನ್ನೂ ಸ್ಪಷ್ಟ, ಅಲ್ಲೇ ಗೀರು ಹೆಚ್ಚು ಕಾಣುವುದು. ಮಾರುವವರು ಒಪ್ಪಿದರೆ ಸಂಪ್ ಇಳಿಸಿಯೇ ನೋಡಿ, ಹೊಸ ಆಯಿಲ್ ಖರ್ಚು ನೀವೇ ಕೊಡಿ.

ಜೊತೆಗೆ ಒಂದು ಸುಲಭ ಪರೀಕ್ಷೆ: ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆಯಲು ನೋಡಿ. ಒಳಗಿಂದ ಎಳೆದು ಹಿಡಿದಂತೆ ಬಿಗಿಯಾಗಿದ್ದರೆ ಏರ್–ಆಯಿಲ್ ಸೆಪರೇಟರ್ (ಎಂಜಿನ್ ಆವಿಯಿಂದ ಎಣ್ಣೆ ಬೇರ್ಪಡಿಸುವ ಭಾಗ) ಹೋಗಿದೆ. ಬಿಳಿ ಹೊಗೆಯ ಮೋಡವೂ ಅದರದ್ದೇ.

2009ರ ಸುಧಾರಿತ ಮಾದರಿಯಲ್ಲಿ ಹೊಸ ಎಂಜಿನ್ ಬಂತು, ಅದರಲ್ಲಿ ಆ ಬೇರಿಂಗೇ ಇಲ್ಲ. ಟಿಪ್‌ಟ್ರಾನಿಕ್ ಹೋಗಿ ಪಿಡಿಕೆ (ಡ್ಯುಯಲ್ ಕ್ಲಚ್ ಆಟೊ ಗೇರ್‌ಬಾಕ್ಸ್) ಬಂತು. ಬಜೆಟ್ ಸ್ವಲ್ಪ ಎಳೆದು 2009ರ ನಂತರದ್ದು ಸಿಗುವವರೆಗೆ ಕಾಯಿರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಝಡ್4 35ಐ. 3.0 ಲೀಟರ್ ಟ್ವಿನ್ ಟರ್ಬೊ, ಎನ್54. ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ತಿರುಗಿದರೆ, ಜೋರಾಗಿ ಎಳೆಯುವಾಗ ಶಕ್ತಿ ಕಡಿತವಾದರೆ ಹೈ ಪ್ರೆಶರ್ ಫ್ಯುಯೆಲ್ ಪಂಪ್ ಮೇಲೆ ಅನುಮಾನ. ತಣ್ಣನೆ ಎಂಜಿನ್‌ನಲ್ಲಿ ತಗಡಿನಂಥ ಗಲಗಲ ಬಂದರೆ ಟರ್ಬೊ ವೇಸ್ಟ್‌ಗೇಟ್ (ಹೆಚ್ಚುವರಿ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು) ಸವೆತ. ವಾಟರ್ ಪಂಪ್ ಬೆಲ್ಟ್‌ನದ್ದಲ್ಲ, ಎಲೆಕ್ಟ್ರಿಕ್, ಮುನ್ಸೂಚನೆಯಿಲ್ಲದೆ ನಿಲ್ಲುತ್ತದೆ. ಬದಲಿಸಿದ ಬಿಲ್ ಇಲ್ಲದಿದ್ದರೆ ಥರ್ಮೋಸ್ಟಾಟ್ ಸಮೇತ ಬದಲಿಸುವ ಖರ್ಚು ಲೆಕ್ಕಕ್ಕೆ ಹಿಡಿಯಿರಿ. ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್, ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿಕೆ ಸಾಮಾನ್ಯ, ಅದಕ್ಕೆ ಹೆದರಬೇಡಿ. ನೇರ ಇಂಜೆಕ್ಷನ್ ಆದ್ದರಿಂದ ಇನ್‌ಟೇಕ್ ವಾಲ್ವ್ ಮೇಲೆ ಇಂಗಾಲ ಕೂರುತ್ತದೆ. ವಾಲ್‌ನಟ್ ಸಿಪ್ಪೆಯ ಪುಡಿ ಹೊಡೆದು ತೆಗೆಸಬಹುದು.

ಮಸ್ಟಾಂಗ್. 5.0 ವಿ8, ಮೂರರಲ್ಲಿ ಅತಿ ಸರಳ ಎಂಜಿನ್. ಟರ್ಬೊ ಇಲ್ಲ. ಇಲ್ಲಿ ನೋಡಬೇಕಾದ್ದು ಎಂಜಿನ್‌ಗಿಂತ ಬಳಸಿದ ರೀತಿ: ಹಿಂದಿನ ಟೈರ್ ಮಾತ್ರ ಹೊಸದಾಗಿದ್ದು ಮುಂದಿನದು ಕಾರಿನಷ್ಟೇ ಹಳೆಯದಾಗಿದ್ದರೆ ಬರ್ನ್‌ಔಟ್ (ನಿಂತಲ್ಲೇ ಹಿಂದಿನ ಚಕ್ರ ತಿರುಗಿಸಿ ಹೊಗೆ ಎಬ್ಬಿಸುವುದು) ಮಾಡಿದ ಗಾಡಿಯಿರಬಹುದು. ಆಗ ಡಿಫರೆನ್ಷಿಯಲ್ ಸದ್ದು, ಆಟೊ ಗೇರ್‌ಬಾಕ್ಸ್ ಎಣ್ಣೆಯ ಬಣ್ಣ ಮತ್ತು ವಾಸನೆ ಕಡ್ಡಾಯ. ಸುಟ್ಟ ವಾಸನೆ, ಕಪ್ಪು ಬಣ್ಣ ಎರಡೂ ಇದ್ದರೆ ಬಿಟ್ಟುಬಿಡಿ.

ಲೀಕ್-ಡೌನ್ ಟೆಸ್ಟ್ (ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ಅಳೆಯುವುದು) ಮೂರಕ್ಕೂ ಮಾಡಿಸಿ. ಸೋರಿಕೆ 10%ರೊಳಗೆ ಒಳ್ಳೆಯದು, 20% ದಾಟಿದರೆ ಬೇಡ. ಎಲ್ಲ ಸಿಲಿಂಡರ್ 12% ಇದ್ದರೆ ಚಿಂತೆಯಿಲ್ಲ. ಐದು 6% ಇದ್ದು ಒಂದು 16% ಇದ್ದರೆ ಆ ಒಂದೇ ನಿಮಗೆ ಬೇಕಾದ ಸುದ್ದಿ.

ಸೊಲ್ಲಾಪುರ_ಸಿಕ್ಸ್‌ಲೇನ್ (ಪಿಂಪ್ರಿ–ಚಿಂಚವಡ)

ಬಾಣೇರ್ ಅವರ, ಮಸ್ಟಾಂಗ್ ಕಡಿಮಿ ಓಡೇದ ಅಂತ ಅದನ್ನ ಸುರಕ್ಷಿತ ಅನಬ್ಯಾಡ್ರಿ. 2017ರ ಗಾಡಿ, 18,000 ಕಿ.ಮೀ. ಅಂದ್ರ ವರ್ಷಕ್ಕ ಎರಡು ಸಾವಿರದ ಆಸುಪಾಸು. ಅಂದ್ರ ಗಾಡಿ ನಿಂತದ್ದೇ ಹೆಚ್ಚು. ನಿಂತ ಗಾಡಿಯೊಳಗ ಸೀಲ್ ಒಣಗ್ತಾವ, ಬ್ರೇಕ್ ಎಣ್ಣಿ ನೀರು ಕುಡೀತದ, ಬ್ಯಾಟರಿ ಸಾಯ್ತದ, ಟೈರ್ ಒಂದ ಕಡೆ ಚಪ್ಪಟಿ ಆಗ್ತದ. ಟ್ಯಾಂಕಿನ್ಯಾಗ ಎಥನಾಲ್ ಬೆರೆತ ಪೆಟ್ರೋಲ್ ಮಳಿಗಾಲಪೂರ್ತಿ ನಿಂತ್ರ ತೇವ ಎಳಕೊಂಡು ಪಂಪು, ಇಂಜೆಕ್ಟರು ಕೆಡಸ್ತದ. ಪ್ರತಿ ವರ್ಷ ಆಯಿಲ್ ಬದಲಿಸಿದ ಬಿಲ್ ಕೇಳ್ರಿ. "ಓಡಿಲ್ಲ, ಅದಕ್ಕ ಸರ್ವಿಸ್ ಮಾಡ್ಸಿಲ್ಲ" ಅಂದ್ರ ಅದು ಗಾಡಿಯ ದೋಷದ ಪಟ್ಟಿಗೇ ಸೇರ್ತದ. ನಿಯಮಿತ ಸರ್ವಿಸ್ ಆದ 60,000 ಕಿ.ಮೀ. ಗಾಡಿ ನಾ ಆದರ ಇದಕ್ಕಿಂತ ಮುಂದ ಇಡ್ತೀನಿ.

ಮೀಟರ್ ಖರೇನೋ ಸುಳ್ಳೋ ತಿಳಕೊಳ್ಳಾಕ ಕೇಮನ್‌ಗೆ ಒಂದು ಗಟ್ಟಿ ಲೆಕ್ಕ ಅದ. ಪೋರ್ಷೆ ಸ್ಕ್ಯಾನರ್ ಹಚ್ಚಿದ್ರ ಎಂಜಿನ್ ಒಟ್ಟು ಎಷ್ಟು ತಾಸು ಓಡೇದ ಅಂತ ತೋರಸ್ತದ. ಕಿ.ಮೀ.ಯನ್ನ ತಾಸಿನಿಂದ ಭಾಗಸ್ರಿ. 29,000ಕ್ಕ 1,300 ತಾಸು ಇದ್ರ ಸರಾಸರಿ 22 ಕಿ.ಮೀ., ಮುಂಬೈ ಟ್ರಾಫಿಕ್‌ಗೆ ಒಪ್ಪೋ ಮಾತು. 2,800 ತಾಸು ತೋರಿಸಿದ್ರ ಸರಾಸರಿ 10 ಬರ್ತದ. ಆಗ ಮೀಟರ್ ಹಿಂದಕ್ಕ ತಿರುಗೇದೇನೋ ಅಂತ ಅನುಮಾನ ಪಡ್ರಿ. ಅದೇ ಸ್ಕ್ಯಾನ್‌ನ್ಯಾಗ ಎಂಜಿನ್ ಮಿತಿ ಮೀರಿ ತಿರುಗಿದ ದಾಖಲೆ ಆರು ಹಂತದಾಗ ಬರ್ತದ. 1, 2 ಹಂತ ಸಾಮಾನ್ಯ, 4ರಿಂದ 6ರೊಳಗ ಅಂಕಿ ಇದ್ರ ಯಾವಾಗ ಆಗೇದ ಅಂತ ತಾಸು ನೋಡ್ರಿ. ನಿಮ್ಮದು ಟಿಪ್‌ಟ್ರಾನಿಕ್, ತಪ್ಪು ಗೇರ್ ಬೀಳೋ ಭಯ ಕಡಿಮಿ. ಮ್ಯಾನ್ಯುವಲ್ ಗಾಡಿಗೆ ಇದು ಬಿಡಬಾರದ ಪರೀಕ್ಷೆ.

ಝಡ್4ನ್ಯಾಗ ಕಿ.ಮೀ. ಮೀಟರ್‌ನ್ಯಾಗ ಅಷ್ಟ ಅಲ್ಲ, ಕೀ ವ್ಯವಸ್ಥೆಯ ಮಾಡ್ಯೂಲ್‌ನ್ಯಾಗೂ ಇರ್ತದ. ಎರಡೂ ಓದಸ್ರಿ, ತಾಳೆ ನೋಡ್ರಿ.

ಸ್ಕ್ಯಾನ್‌ನ್ಯಾಗ "ಯಾವ ದೋಷದ ಕೋಡೂ ಇಲ್ಲ" ಅಂತ ಬಂದ್ರ ಅಲ್ಲಿಗೇ ನಿಲ್ಲಬ್ಯಾಡ್ರಿ. ರೆಡಿನೆಸ್ ಮಾನಿಟರ್ (ಗಾಡಿ ತನ್ನ ತಪಾಸಣಿ ತಾನ ಮುಗಿಸೇದೋ ಇಲ್ಲೋ ಅನ್ನೋ ಸೂಚನೆ) ನೋಡ್ರಿ. ಅವು "ಸಿದ್ಧವಿಲ್ಲ" ಅಂತ ತೋರಿಸಿದ್ರ ನಿನ್ನೆ ಮೊನ್ನೆ ಕೋಡ್ ಅಳಿಸ್ಯಾರ ಅಥವಾ ಬ್ಯಾಟರಿ ಬಿಚ್ಯಾರ. ಟೆಸ್ಟ್ ಡ್ರೈವ್ ಮುಗಿದ ಮ್ಯಾಲ ಎರಡನೇ ಸಲ ಸ್ಕ್ಯಾನ್ ಮಾಡಸ್ರಿ.

ಮಡಗಾಂವ್_ಮಳೆ (ಗೋವಾ)

ಗೋವಾ ಕಾರು ಅಂದಾಕ್ಷಣ ತುಕ್ಕಿನ ಮಾತು ಬರುತ್ತದೆ. ವರ್ಲಿ, ಬಾಂದ್ರಾದಲ್ಲಿ ಸಮುದ್ರಕ್ಕೆ ಮುಖಮಾಡಿ ನಿಂತ ಕಾರಿಗೂ ಇದೇ ಅನ್ವಯ. ಹೊರಗಿನ ಪೇಂಟ್ ನೋಡಬೇಡಿ, ಲಿಫ್ಟಿಗೆ ಏರಿಸಿ. ಬ್ರೇಕ್ ಪೈಪ್‌ಗಳ ಕ್ಲಿಪ್ ಹಿಡಿದ ಜಾಗ, ಸಬ್‌ಫ್ರೇಮ್ ಬೋಲ್ಟ್‌ಗಳು, ಸೈಲೆನ್ಸರ್ ಕ್ಲಾಂಪ್, ಸ್ಪ್ರಿಂಗಿನ ಕೆಳ ಸುತ್ತು ಇಲ್ಲೆಲ್ಲ ಉಪ್ಪು ಕೂತು ತಿನ್ನುತ್ತದೆ. ಕೇಮನ್‌ನಲ್ಲಿ ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ಮುಂದಿನ ಎರಡೂ ಮೂಲೆಯಲ್ಲಿವೆ. ಬಂಪರ್ ಬಾಯೊಳಗೆ ಟಾರ್ಚ್ ಬಿಟ್ಟರೆ ಒಣ ಎಲೆಯ ರಾಶಿ ಕಾಣುತ್ತದೆ. ಮಳೆಯಲ್ಲಿ ಆ ಎಲೆ ಕೊಳೆತು ಅಲ್ಯೂಮಿನಿಯಂ ಸವೆಯುತ್ತದೆ. ಮಸ್ಟಾಂಗ್‌ನ ಬಾನೆಟ್ ಅಲ್ಯೂಮಿನಿಯಂ. ಮುಂದಿನ ಅಂಚಿನ ಕೆಳಮಡಿಕೆಯಲ್ಲಿ ಪೇಂಟ್ ಗುಳ್ಳೆ ಏಳುವುದು ಆ ಕಾರಿನ ಹಳೆಯ ಕಾಯಿಲೆ. ಬೆರಳಾಡಿಸಿ ನೋಡಿ.

ಝಡ್4ನ ಛಾವಣಿ ಮಡಚುವ ಲೋಹದ್ದು. ಪೂರ್ತಿ ತೆರೆದು ಮುಚ್ಚುವುದನ್ನು ಕನಿಷ್ಠ ಮೂರು ಸಲ ಮಾಡಿಸಿ, ಎಂಜಿನ್ ಓಡುತ್ತಿರುವಾಗಲೇ. ನಡುವೆ ನಿಂತರೆ, ಒಂದು ಪಕ್ಕ ಹಿಂದುಳಿದರೆ ಹೈಡ್ರಾಲಿಕ್ ಇಲ್ಲವೇ ಸೆನ್ಸರ್ ಕೆಲಸವಿದೆ. ಆಮೇಲೆ ಛಾವಣಿಯ ನೀರು ಹೋಗುವ ಕಿಂಡಿಗಳು: ಒಂದೊಂದು ಲೋಟ ನೀರು ನಿಧಾನ ಸುರಿದು ಕಾರಿನಡಿ ಬೀಳುತ್ತದೆಯೇ ನೋಡಿ. ಕಟ್ಟಿಕೊಂಡಿದ್ದರೆ ನೀರು ಒಳಗೆ ಇಳಿದು ಡಿಕ್ಕಿಯ ಬದಿಯ ಮಾಡ್ಯೂಲ್‌ಗಳಿಗೆ ಹೋಗುತ್ತದೆ.

ನೆರೆ ಕುಡಿದ ಕಾರು ಗುರುತಿಸಲು: ಸೀಟ್ ಬೆಲ್ಟ್ ಕೊನೆಯವರೆಗೂ ಎಳೆಯಿರಿ, ಕೊನೆಯ ಒಂದು ಅಡಿಯಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ, ಯಾರೂ ಅಲ್ಲಿಯವರೆಗೆ ತೊಳೆಯುವುದಿಲ್ಲ. ಸೀಟಿನ ಹಳಿಯ ಬೋಲ್ಟ್, ಕಾರ್ಪೆಟ್ ಅಡಿಯ ಕನೆಕ್ಟರ್‌ನ ಹಸಿರು ಕಿಲುಬು, ಏರ್ ಫಿಲ್ಟರ್ ಪೆಟ್ಟಿಗೆಯ ಒಳಗೋಡೆಯ ನೀರಿನ ಗೆರೆ ನೋಡಿ. ಸ್ಪೋರ್ಟ್ಸ್ ಕಾರು ತಗ್ಗು. ಸಾಮಾನ್ಯ ಕಾರು ದಾಟುವ ನೀರು ಇದರ ನೆಲಹಾಸನ್ನು ಮುಟ್ಟಿರುತ್ತದೆ.

ಬಾಣೇರ್_ಬಾನೆಟ್ (ಪುಣೆ)

ಇಷ್ಟು ವಿವರ ಕೊಟ್ಟದ್ದಕ್ಕೆ ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ. ಮಸ್ಟಾಂಗ್‌ಗೆ ಪೇಂಟ್ ಮೀಟರ್ ಇಟ್ಟರೆ ಎಲ್ಲ ಕಡೆ 300 ಮೈಕ್ರಾನ್ ಹತ್ತಿರ ಬರುತ್ತಿದೆ. ಡೀಲರ್ "ಪಿಪಿಎಫ್ (ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್) ಹಾಕಿದೆ, ಅದಕ್ಕೇ" ಅನ್ನುತ್ತಾರೆ. ಕೇಮನ್ ಮಾಲೀಕರು ಹೊರಗಿನ ಗ್ಯಾರೇಜಿಗೆ ಒಯ್ಯಲು ಹಿಂಜರಿಯುತ್ತಿದ್ದಾರೆ. ಏನು ಮಾಡಲಿ?

ಸ್ಪ್ಯಾನರ್_13 (ಮಾಟುಂಗಾ)

ಡೀಲರ್ ಹೇಳುವುದು ನಿಜವಿರಬಹುದು. ಕಾರ್ಖಾನೆಯ ಪೇಂಟ್ ಸುಮಾರು 90ರಿಂದ 160 ಮೈಕ್ರಾನ್, ಫಿಲ್ಮ್ 150ರಿಂದ 200. ಕೂಡಿಸಿದರೆ ನಿಮ್ಮ ಅಂಕಿ ಬರುತ್ತದೆ. ಆದ್ದರಿಂದ ಅಂಕಿಗಿಂತ ವ್ಯತ್ಯಾಸ ನೋಡಿ: ಎಲ್ಲ ಕಡೆ 280–320 ಇದ್ದು ಒಂದು ಬಾಗಿಲು ಮಾತ್ರ 450 ಬಂದರೆ ಫಿಲ್ಮ್ ಅಡಿ ಮರುಪೇಂಟ್ ಇದೆ; 600 ದಾಟಿದರೆ ಪುಟ್ಟಿ. ಫಿಲ್ಮ್ ಇಲ್ಲದ ಕಡೆಯೂ ಅಳೆಯಿರಿ: ಬಾಗಿಲ ಒಳಚೌಕಟ್ಟು, ಡಿಕ್ಕಿ ಅಂಚಿನ ಒಳಭಾಗ. ಆ ಕಾರಿನ ಬಾನೆಟ್, ಮುಂದಿನ ಫೆಂಡರ್‌ಗಳು ಅಲ್ಯೂಮಿನಿಯಂ ಆದ್ದರಿಂದ ಕಬ್ಬಿಣಕ್ಕೆ ಮಾತ್ರ ಕೆಲಸ ಮಾಡುವ ಅಗ್ಗದ ಮೀಟರ್ ಅಲ್ಲಿ ಏನೂ ಹೇಳದು. ಫೆಂಡರ್, ಬಾನೆಟ್ ಕೀಲಿನ ಬೋಲ್ಟ್ ತಲೆಯ ಪೇಂಟ್ ಕಿತ್ತಿದ್ದರೆ ಆ ಭಾಗ ಒಮ್ಮೆ ಬಿಚ್ಚಿದೆ.

ಕೇಮನ್ ಮಾಲೀಕರ ಹಿಂಜರಿಕೆ ಸಹಜ. ಅವರದ್ದೇ ಆಯ್ಕೆಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ, ಅವರ ಎದುರಲ್ಲೇ, ನಿಮ್ಮ ಖರ್ಚಿನಲ್ಲಿ ತಪಾಸಣೆ ಎಂದು ಹೇಳಿ. ಪೋರ್ಷೆಯ ಅಧಿಕೃತ ಹಳೆ ಕಾರು ಯೋಜನೆಯ ತಪಾಸಣೆಗೆ 111 ಅಂಶಗಳಿವೆ, ಆ ಪಟ್ಟಿಯ ಮಾದರಿ ಕೇಳಿ. ಬೋರ್‌ಸ್ಕೋಪ್ ಅದಕ್ಕಿಂತ ಹೆಚ್ಚಿನದಾಗಿ ಬರೆಸಿ. ಇದಕ್ಕೂ ಒಪ್ಪದಿದ್ದರೆ 2007ರ ಕೇಮನ್ ಎಸ್ ಅನ್ನು ಕಣ್ಣುಮುಚ್ಚಿ ಕೊಳ್ಳಬೇಡಿ, ಬೆಲೆ ಎಷ್ಟೇ ಇಳಿಸಲಿ.

ಕಾಗದ_ಮೊದಲು (ಥಾಣೆ)

ಟೋಕನ್ ಬಗ್ಗೆ: ಸಣ್ಣ ಮೊತ್ತ, ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿರುವ ಹೆಸರಿನ ಖಾತೆಗೆ ಮಾತ್ರ. "ತಪಾಸಣೆಯಲ್ಲಿ ದೋಷ ಕಂಡರೆ ಪೂರ್ತಿ ವಾಪಸ್" ಎಂದು ಬರಹದಲ್ಲಿ. ಕಂಪನಿ ಹೆಸರಿನ ಕಾರಾದರೆ ಮಾರಲು ಒಪ್ಪಿದ ಬೋರ್ಡ್ ನಿರ್ಣಯದ ಪ್ರತಿಯೂ ಬೇಕು.

ಸೊಲ್ಲಾಪುರ_ಸಿಕ್ಸ್‌ಲೇನ್ (ಪಿಂಪ್ರಿ–ಚಿಂಚವಡ)

ಟೈರ್ ಮಾತು ಉಳದಿತ್ತು. ಪಕ್ಕದ ಗೋಡಿ ಮ್ಯಾಲ ನಾಲ್ಕು ಅಂಕಿ ಇರ್ತದ: 2319 ಅಂದ್ರ 2019ರ 23ನೇ ವಾರ. ಆರು ವರ್ಷ ದಾಟಿದ್ರ ಹಲ್ಲು ಎಷ್ಟ ಇರಲಿ, ಬದಲಿ ಅಂತ ಹಿಡೀರಿ. ಹೊರಗಿಂದ ಹಲ್ಲು ಚಂದ ಕಾಣ್ತದ, ಒಳ ಅಂಚು ತಂತಿ ತನ ಸವದಿರ್ತದ. ಈ ಗಾಡಿಗಳ ಗಾಲಿ ಒಳಗ ವಾಲಿರ್ತಾವ. ಮಲಕ್ಕೊಂಡು ನೋಡ್ರಿ. ಪೋರ್ಷೆಗೆ ಎನ್ ಗುರುತು, ಬಿಎಂಡಬ್ಲ್ಯುಗೆ ನಕ್ಷತ್ರದ ಗುರುತು ಇರೋ ಟೈರ್ ಬೇಕು. 2020ರ ಜೂನ್‌ನಿಂದ ಟೈರ್ ಆಮದಿಗೆ ನಿರ್ಬಂಧ ಅದ, ಹಂಗಾಗಿ ಗಾಡಿ ತಗೊಳ್ಳೋ ಮೊದಲ ಆ ಅಳತಿ ಸ್ಟಾಕ್ ಅದನೋ ಫೋನ್ ಮಾಡಿ ಕೇಳ್ರಿ. ಝಡ್4ನ 19 ಇಂಚಿನ ರಿಮ್ ಗುಂಡಿಗೆ ಬಿರುಕು ಬಿಡ್ತದ. ಗಾಲಿ ಬಿಚ್ಚಿ ಒಳಸುತ್ತು ನೋಡಸ್ರಿ. ಬ್ರೇಕ್ ಡಿಸ್ಕ್ ಮ್ಯಾಲ ಕನಿಷ್ಠ ದಪ್ಪ ಕೊರದಿರ್ತಾರ, ವರ್ನಿಯರ್ ಕ್ಯಾಲಿಪರ್‌ಲೇ ಅಳೀರಿ.

ಸ್ಪ್ಯಾನರ್_13 (ಮಾಟುಂಗಾ)

ಟೆಸ್ಟ್ ಡ್ರೈವ್ ಬಡಾವಣೆಯ ಸುತ್ತಲ್ಲ. ಕನಿಷ್ಠ 45 ನಿಮಿಷ. ಮೊದಲು ನಿಂತುನಿಂತು ಸಾಗುವ ಟ್ರಾಫಿಕ್‌ನಲ್ಲಿ ಎಸಿ ಹಾಕಿ ತಾಪಮಾನ ನೋಡಿ. ಝಡ್4ನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ತಡವರಿಸುವುದೂ ಅಲ್ಲೇ ಗೊತ್ತಾಗುವುದು. ಆಮೇಲೆ ಎಕ್ಸ್‌ಪ್ರೆಸ್‌ವೇಯಲ್ಲಿ ಖೋಪೋಲಿಯಿಂದ ಖಂಡಾಲಾದ ಏರು ಸಿಕ್ಕರೆ ಉತ್ತಮ: ಏರಿನಲ್ಲಿ ಎಳೆದು, ಮೇಲೆ ನಿಲ್ಲಿಸಿ, ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಕೂಲಂಟ್ ವಾಸನೆ, ಟಕಟಕ, ಫ್ಯಾನ್ ತಿರುಗದಿರುವುದು ಎಲ್ಲ ಆಗ ಹೊರಬರುತ್ತದೆ. ಹೊರಗಡೆ ಹಾಕಿಸಿದ ಬೇರೆ ಕಂಪನಿಯ ಎಕ್ಸಾಸ್ಟ್, ಟ್ಯೂನ್ ಮಾಡಿದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇದ್ದರೆ ಮೂಲ ಭಾಗಗಳನ್ನು ಕಾರಿನ ಜೊತೆಗೇ ಪಡೆಯಿರಿ.

ಇಂಧನ: ಕೇಮನ್, ಝಡ್4 ಎರಡೂ ಇ20 (20% ಎಥನಾಲ್ ಬೆರೆತ ಪೆಟ್ರೋಲ್) ಬರುವ ಮುಂಚಿನ ಕಾರುಗಳು. ರಬ್ಬರ್ ಪೈಪ್, ಸೀಲ್‌ಗಳನ್ನು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಬದಲಿಸದೆ ಓಡಿಸಬೇಡಿ. 95 ಆಕ್ಟೇನ್‌ಗಿಂತ ಕಡಿಮೆ ಹಾಕಬೇಡಿ. ಎಕ್ಸ್‌ಪಿ100ನಂಥ ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಮುಂಬೈ, ಪುಣೆಯಲ್ಲಿ ಸಿಗುತ್ತದೆ. ಅಂದಹಾಗೆ ಫೋರ್ಡ್ ಭಾರತದ ಉತ್ಪಾದನೆ ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿತು. ಮಸ್ಟಾಂಗ್‌ನ ಬಂಪರ್, ಹೆಡ್‌ಲ್ಯಾಂಪ್‌ಗೆ ಎಷ್ಟು ದಿನ ಹಿಡಿಯುತ್ತದೆ ಎಂದು ನಿಮ್ಮೂರಿನ ಸರ್ವಿಸ್ ಸೆಂಟರ್‌ನಲ್ಲಿ ಮೊದಲೇ ವಿಚಾರಿಸಿ.

ಕೇಳಿದ್ದಕ್ಕೆ ನೇರ ಉತ್ತರ: ಇತಿಹಾಸ ಪೂರ್ತಿಯಿದ್ದರೆ ಝಡ್4 ಮೊದಲು, ತೆರಿಗೆ ಲೆಕ್ಕ ಬಜೆಟ್‌ಗೆ ಹೊಂದಿದರೆ ಮಸ್ಟಾಂಗ್ ನಂತರ. 2007ರ ಕೇಮನ್ ಬೋರ್‌ಸ್ಕೋಪ್ ಚಿತ್ರ ಕಂಡ ಮೇಲೆ ಮಾತ್ರ. ಯಾವುದೇ ಆದರೂ ಬೆಲೆಯ ಕನಿಷ್ಠ 15% ಮೊದಲ ವರ್ಷದ ರಿಪೇರಿಗೆಂದು ಬದಿಗಿಡಿ.

ಕಾಗದ_ಮೊದಲು (ಥಾಣೆ)

ಕಾರು ಕೈಗೆ ಬಂದ ದಿನದ ಕೆಲಸ: 14 ದಿನದೊಳಗೆ ವಿಮೆ ನಿಮ್ಮ ಹೆಸರಿಗೆ, ಮಾರಿದವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಪ್ರೀಮಿಯಂ ವ್ಯತ್ಯಾಸ ಕಟ್ಟಬೇಕು. ಎಂಜಿನ್ ಪ್ರೊಟೆಕ್ಟ್ ಸೇರಿಸಿಯೇ ಮಾಡಿಸಿ, ನೀರು ನುಗ್ಗಿ ಎಂಜಿನ್ ಹೋದರೆ ಸಾಮಾನ್ಯ ಪಾಲಿಸಿ ಕೈಹಿಡಿಯದು. ಬಾಕಿ ಇ-ಚಲನ್ ಮಾರುವವರಿಂದಲೇ ಕಟ್ಟಿಸಿ, ರಸೀದಿ ಇಟ್ಟುಕೊಳ್ಳಿ. 2019ರ ಏಪ್ರಿಲ್‌ಗಿಂತ ಹಿಂದಿನ ನೋಂದಣಿಯಾದ್ದರಿಂದ ಮೂರಕ್ಕೂ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ ನೋಂದಣಿ) ಫಲಕ ಬೇಕು. ಗೋವಾ, ದೆಹಲಿ ಕಾರುಗಳಿಗೆ ಹೊಸ ಸಂಖ್ಯೆ ಬರುವುದರಿಂದ ಅವುಗಳ ಹೊಸ ಫಲಕವನ್ನು ಆ ಸಂಖ್ಯೆ ಬಂದ ಮೇಲೆ ಮಾಡಿಸಿ. ಹಳೆಯ ಫಾಸ್ಟ್‌ಟ್ಯಾಗ್ ಗಾಜಿನಿಂದ ಕಿತ್ತು, ಮಾರಿದವರ ಬ್ಯಾಂಕಿನಲ್ಲಿ ಮುಚ್ಚಿಸಿದ ಸಂದೇಶ ಬಂದ ಮೇಲೆ ನಿಮ್ಮದು ಅಂಟಿಸಿ.